ಮಸ್ಕತ್ತಿನಲ್ಲಿ ಸರ್ ಹ್ಯೂನ ವಂಶ ಹೇಳಿದ್ದು

ಎತ್ತಿನ ಮೇಲಿಂದ ಬಿದ್ದೆ ಎಂದರೆ ನಮ್ಮ ಬೈಲಹೊಂಗಲದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮಸ್ಕತ್ತಿನಲ್ಲಿ, ಒಬ್ಬ ಇಂಗ್ಲಿಷರವನ ಅಂಗಳದಲ್ಲಿ, ಆರುನೂರು ವರ್ಷದ ಹಿಂದಿನ ಅವನ ಹಿರಿಯರ ಹೆಸರು ಹೇಳುತ್ತ ಬಿದ್ದೆ ಎಂದರೆ ಮಾತ್ರ ಕುರ್ಚಿ ಎಳೆದು ಕೂಡಿಸಿ, ಚಹಾ ತರಿಸಿ, ಮೊದಲಿನಿಂದ ಹೇಳಿ ಸರ್ ಎನ್ನುತ್ತಾರೆ. ಹಾಗೆ ಹೇಳಿ ಹೇಳಿ ಬಾಯಿ ನೊಂದಿದೆ. ಪ್ರತಿ ಸಲ ಹೇಳಿದಾಗಲೂ ಹೋರಿ ಸ್ವಲ್ಪ ಸ್ವಲ್ಪ ಎತ್ತರವಾಗುತ್ತಿದೆ ಎಂದು ನನ್ನ ಹೆಂಡತಿ ದೂರಿದ್ದಾಳೆ. ಅದು ಆನೆಯಾಗುವ ಮೊದಲು ಬರೆದುಬಿಡುವುದು ಒಳ್ಳೆಯದು.

ಸೀಬ್ ವಿಮಾನ ನಿಲ್ದಾಣ

ನನ್ನ ಹೆಸರು ಬಸಪ್ಪ ಹೆಳವರ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಅಡ್ಡಹೆಸರು ಮಾತ್ರ ಗಣಿತದ್ದಲ್ಲ. ನಮ್ಮ ಕಡೆ ಹೆಳವರೆಂದರೆ ಮನೆಮನೆಯ ವಂಶಾವಳಿ ಹೇಳುವವರು. ಮೂರು ನಾಲ್ಕು ವರ್ಷಕ್ಕೊಮ್ಮೆ ಹೆಳವ ಸಿಂಗರಿಸಿದ ಎತ್ತು ಹತ್ತಿ, ಗಂಟೆ ಬಾರಿಸುತ್ತ ನಿಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಾನೆ. ನಿಮ್ಮ ಹಿರಿಯ ಯಾವ ಊರು ಬಿಟ್ಟ, ಯಾರ ಕೂಡ ಜಗಳಾಡಿ ಬಿಟ್ಟ, ಇಲ್ಲಿಗೆ ಬಂದು ಎಲ್ಲಿ ಒಲೆ ಹೂಡಿದ, ಅವನಿಗೆ ಎಷ್ಟು ಗಂಡುಮಕ್ಕಳು, ಅವರಲ್ಲಿ ಯಾರ ಕವಲು ನೀವು ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಾನೆ. ಹೊಸದಾಗಿ ಹುಟ್ಟಿದವರ ಹೆಸರನ್ನು ತನ್ನ ಹೊತ್ತಿಗೆಯಲ್ಲಿ ಬರೆದುಕೊಳ್ಳುತ್ತಾನೆ. ಕಾಣಿಕೆ ಕೈಗೆ ಬರುವ ತನಕ ಎತ್ತಿನಿಂದ ಇಳಿಯುವುದಿಲ್ಲ.

ನಮ್ಮಪ್ಪ ಯಲ್ಲಪ್ಪ ಆಯುಷ್ಯವೆಲ್ಲ ಹೀಗೆ ಎತ್ತಿನ ಮೇಲೆ ಕಳೆದವರು. ನಾನು ಅವರ ವಿದ್ಯೆ ಕಲಿಯಲಿಲ್ಲ. ಶಾಲೆಯ ಗೆಳೆಯರ ಮನೆ ಮುಂದೆ ಅಪ್ಪನ ಗಂಟೆ ಕೇಳಿಸಿದರೆ ಹಿತ್ತಲಿಗೆ ಓಡಿ ಅಡಗಿಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಈಗ ಆ ನಾಚಿಕೆಯನ್ನು ನೆನೆದು ನಾಚಿಕೆಯಾಗುತ್ತದೆ.

ಎರಡು ಸಾವಿರದ ಆರರ ಚಳಿಗಾಲದಲ್ಲಿ ಮಗಳು ಸುಜಾತಾ ಮಸ್ಕತ್ತಿನಿಂದ ಫೋನು ಮಾಡಿದಳು. ಅವಳು ಅಲ್ಲಿ ಕಟ್ಟಡ ವಿನ್ಯಾಸ ಮಾಡುವ ಕಚೇರಿಯೊಂದರಲ್ಲಿ ಎಂಜಿನಿಯರು. "ಅಪ್ಪಾ, ಬರೋವಾಗ ಅಜ್ಜನ ಹೊತ್ತಿಗಿ ತಗೊಂಡು ಬಾ. ನಮ್ಮ ಬಾಸ್ ನೋಡಬೇಕಂತಾರ" ಎಂದಳು. ಬಾಸ್‌ಗೆ ನಮ್ಮ ಹೊತ್ತಿಗೆ ಯಾಕೆ ಬೇಕೆಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಮಗಳ ಫೋನು ಕಟ್ಟಾಗುವ ಸಮಯವನ್ನು ನಾನು ಮೊದಲಿನಿಂದಲೂ ಅನುಮಾನದಿಂದ ನೋಡುತ್ತೇನೆ.

ಸೀಬ್‌ನಲ್ಲಿ ಕಸ್ಟಮ್ಸ್ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಮೊದಲು ಬಂದದ್ದು ಖಡಕ್ ರೊಟ್ಟಿಯ ಕಟ್ಟು. ಒಂದನ್ನು ಬೆರಳಿನಿಂದ ತಟ್ಟಿ ನೋಡಿ, ಇದು ಕಟ್ಟಡದ ಸಾಮಾನೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಊಟ ಎಂದೆ. ನನ್ನ ಹಲ್ಲುಗಳನ್ನು ಗೌರವದಿಂದ ನೋಡಿದ. ಆಮೇಲೆ ಕೆಂಪು ಅರಿವೆಯಲ್ಲಿ ಸುತ್ತಿದ ಹೊತ್ತಿಗೆ ಹೊರಬಂತು.

"ಇದರಲ್ಲೇನಿದೆ?"

"ಹೆಸರುಗಳು."

"ಯಾರವು?"

"ಸತ್ತವರವು" ಎಂದೆ. ಗಾಬರಿಯಲ್ಲಿ ಸತ್ಯವೇ ಬಾಯಿಗೆ ಬರುತ್ತದೆ, ಅದೂ ಅರ್ಧ.

ಅವನ ಮುಖ ಬಿಗಿಯಾಯಿತು. ನಾನು ಪುಟ ತೆರೆದು ಬೆರಳಿಟ್ಟು, "ಬಸಪ್ಪ ಬಿನ್ ಯಲ್ಲಪ್ಪ ಬಿನ್ ಮಲ್ಲಪ್ಪ ಬಿನ್ ಯಲ್ಲಪ್ಪ" ಎಂದು ನಮ್ಮ ತಹಶೀಲ್ದಾರ ಕಚೇರಿಯ ಕಾಗದದ ಧಾಟಿಯಲ್ಲೇ ಓದಿದೆ. ಆತನ ಬಿಗಿ ಸಡಿಲಿತು. ತಾನೂ ಎದೆಯ ಮೇಲೆ ಕೈಯಿಟ್ಟು, ಇಂಥವನ ಮಗ ಇಂಥವನ ಮಗ ಎಂದು ಒಂದೇ ಉಸಿರಿಗೆ ಹದಿಮೂರು ಹೆಸರು ಹೇಳಿದ. ನನ್ನ ಹಿಂದಿನ ಸಾಲಿನವರು ಚಡಪಡಿಸುತ್ತಿದ್ದರು. ಹೊತ್ತಿಗೆಯನ್ನು ಅವನೇ ಕೆಂಪು ಅರಿವೆಯಲ್ಲಿ ಮೊದಲಿಗಿಂತ ಚೆನ್ನಾಗಿ ಸುತ್ತಿಕೊಟ್ಟ.

ಅಲ್ ಅಜೈಬಾ, ಮಗಳ ಮನೆ

ಸುಜಾತಾಳ ಮನೆ ಅಜೈಬಾದಲ್ಲಿ ಎರಡನೇ ಮಹಡಿ. ಅಳಿಯ ಮಹಾಂತೇಶ ಮರುಭೂಮಿಯ ತೈಲಬಾವಿಯಲ್ಲಿ ಕೆಲಸ ಮಾಡುತ್ತಾನೆ. ನಾನಿದ್ದಷ್ಟು ದಿನವೂ ಅಲ್ಲೇ ಇದ್ದ, ಹಾಗಾಗಿ ಈ ಕಥೆಯಲ್ಲಿ ಅವನ ತಪ್ಪೇನೂ ಇಲ್ಲ. ಮನೆಯಲ್ಲಿದ್ದದ್ದು ನಾನು, ಮಗಳು, ಮತ್ತೆ ಎಂಟು ವರ್ಷದ ಮೊಮ್ಮಗಳು ಅನಘಾ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. "ಊಟಾತೇನವಾ?" ಎಂದರೆ "ಆಲ್ಮೋಸ್ಟ್" ಎನ್ನುತ್ತಾಳೆ. ಊಟಕ್ಕೆ ಅಂಥದೊಂದು ಸ್ಥಿತಿಯಿದೆ ಎಂದು ನನಗೆ ಗೊತ್ತಿರಲಿಲ್ಲ.

ಮೊದಲ ದಿನದ ಚಹಾದ ಹೊತ್ತಿಗೆ ಮಗಳು ವಿಷಯ ಬಿಚ್ಚಿದಳು. ಅವಳ ಬಾಸ್ ನೈಜೆಲ್ ಹಾರ್ಕಲ್ ಎಂಬ ಇಂಗ್ಲಿಷರವರು. ಅರವತ್ತಾಗಿ ಮುಂದಿನ ತಿಂಗಳು ಊರಿಗೆ ಹೋಗುವವರು. ಅವರ ಮನೆತನದ ಮೂಲಪುರುಷ ಸರ್ ಹ್ಯೂ ಹಾರ್ಕಲ್ ಎಂಬ ನೈಟ್, ಅಂದರೆ ಕತ್ತಿ ಕಟ್ಟಿ ಕುದುರೆ ಹತ್ತುತ್ತಿದ್ದ ದೊಡ್ಡ ಮನುಷ್ಯ. ಅವನಿಂದ ತನ್ನವರೆಗೆ ತಂದೆಯಿಂದ ಮಗನಿಗೆ ಕಡಿಯದ ಗೆರೆಯಿದೆ ಎಂಬುದು ನೈಜೆಲ್ ಸಾಹೇಬರ ಬದುಕಿನ ಹೆಮ್ಮೆ. ಬೀಳ್ಕೊಡುಗೆಗೆ ಅಕ್ಕ, ಚಿಕ್ಕಪ್ಪನ ಮಕ್ಕಳು ಎಲ್ಲ ಇಂಗ್ಲೆಂಡಿನಿಂದ ಬರುತ್ತಿದ್ದಾರೆ. ಆಗ ಆ ವಂಶವನ್ನು ಅಂಗಳದಲ್ಲಿ ಘನವಾಗಿ ಓದಿಸಬೇಕೆಂದು ಅವರ ಆಸೆ.

"ನಾ ಒಮ್ಮೆ ಆಫೀಸಿನ್ಯಾಗ ಹೇಳಿದ್ನಿ, ನಮ್ಮಪ್ಪಾರು ವಂಶಾವಳಿ ಹೇಳೋ ಮನಿತನದವರು ಅಂತ" ಎಂದಳು ಸುಜಾತಾ.

"ನಮ್ಮಪ್ಪ ಹೇಳ್ತಿದ್ರು. ನಾ ಗಣಿತ ಕಲಸ್ತಿದ್ದೆ."

"ಅದನ್ನ ಹೇಳೋದು ಬಿಟ್ಟು ಹೋತು."

ಇಷ್ಟೇ ಆಗಿದ್ದರೆ ನಾನು ಸೊಂಟ ನೋವೆಂದು ಮಲಗಿಬಿಡುತ್ತಿದ್ದೆ. ಆದರೆ ಸುಜಾತಾಳ ಕೆಲಸದ ಕರಾರು ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸುವ ಕಾಗದ ನೈಜೆಲರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಅವರು ಹೋಗುವ ಮೊದಲು ಸಹಿ ಬೀಳದಿದ್ದರೆ ಕೆಲಸ ಹೋದಂತೆಯೇ, ಮುಂದೆ ಬರುವವನು ಜನ ಕಡಿಮೆ ಮಾಡಲೆಂದೇ ಬರುತ್ತಿದ್ದಾನಂತೆ. ಅಳಿಯನ ಕೆಲಸದ ಮೇಲೆ ಸಂಸಾರಕ್ಕೆ ವೀಸಾ ಸಿಗುವುದಿಲ್ಲ, ಮಗಳ ಕರಾರು ಇಲ್ಲವೆಂದರೆ ವೀಸಾ ಇಲ್ಲ. ಅನಘಾಳ ಶಾಲೆ, ಈ ಮನೆ, ಬಾಲ್ಕನಿಯಲ್ಲಿ ಮಗಳು ಬೆಳೆಸಿದ ಕರಿಬೇವು, ಎಲ್ಲ ಖಲಾಸ್. ಹೀಗೆ ಹೇಳುವಾಗ ಅವಳು ನಗುತ್ತಲೇ ಇದ್ದಳು, ಆದರೆ ಕಪ್ಪು ಹಿಡಿದ ಕೈ ನಗುತ್ತಿರಲಿಲ್ಲ. ಒಪ್ಪಿಕೊಂಡೆ.

ನೈಜೆಲ್ ಸಾಹೇಬರ ಬಂಗಲೆ

ನೈಜೆಲ್ ಸಾಹೇಬರು ಎತ್ತರದ ಆಳು. ಕಿವಿಗಳು ಮೊರದಂತೆ ಅಗಲ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಮಿಸ್ಟರ್ ಹೆಳವರ, ವೃತ್ತಿಬಾಂಧವರೇ!" ಎಂಬರ್ಥದ ಇಂಗ್ಲಿಷು ಹೇಳಿ ಒಂದು ಉದ್ದನೆಯ ಕಾಗದದ ಸುರುಳಿಯನ್ನು ಊಟದ ಮೇಜಿನ ಮೇಲೆ ಬಿಚ್ಚಿದರು. ಅದು ಮೇಜು ದಾಟಿ, ಕುರ್ಚಿ ಇಳಿದು, ಫ್ರಿಜ್ಜಿನ ಬುಡದವರೆಗೆ ಹೋಯಿತು. ಇಪ್ಪತ್ತೊಂದು ತಲೆಮಾರು. ಅಪ್ಪನ ಹೊತ್ತಿಗೆಯಲ್ಲಿ ಯಾವ ಮನೆಗೂ ಇಷ್ಟಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆದರೆ ಹ್ಯೂ, ಅವನ ಮಗ ವಾಲ್ಟರ್, ಆಮೇಲೆ ಒಂದು ಪ್ರಶ್ನೆಚಿಹ್ನೆ. ಅದರ ಕೆಳಗೆ ರಾಬರ್ಟ್. ರಾಬರ್ಟನಿಂದ ಮುಂದೆ ಗೆರೆ ಸರಾಗ.

"ರಾಬರ್ಟ್ ವಾಲ್ಟರನ ಮಗನೇ. ಕಾಗದ ಕಳೆದುಹೋಗಿದೆ, ಅಷ್ಟೆ" ಎಂದರು ನೈಜೆಲ್. ಮೂವತ್ತು ವರ್ಷ ಹುಡುಕಿದ್ದಾರಂತೆ. ಸಿಕ್ಕ ಕಾಗದಗಳ ನಕಲನ್ನು ನನಗೆ ಕೊಟ್ಟು, ಹೆಳವರ ಕಣ್ಣಿನಿಂದ ಒಮ್ಮೆ ನೋಡಿ ಎಂದರು. ಆಮೇಲೆ ಕೇಳಿದರು: ವಂಶ ಹೇಳುವಾಗ ಎತ್ತಿನ ಮೇಲೆ ಕೂರುತ್ತೀರಂತೆ, ನಿಜವೇ?

ಇಲ್ಲ ಎನ್ನಬೇಕಾಗಿತ್ತು. ಇಂಗ್ಲಿಷಿನಲ್ಲಿ ಯಾರಾದರೂ ವೇಗವಾಗಿ ಪ್ರಶ್ನೆ ಕೇಳಿದರೆ ನನ್ನ ಬಾಯಿ ತಾನಾಗಿ "ಯಸ್, ಯಸ್" ಎನ್ನುತ್ತದೆ. ಅವರು ಕೂಡಲೇ ಕಚೇರಿಯ ಚಾಲಕ ಸಯೀದನನ್ನು ಕರೆದು, ಒಂದು ಎತ್ತು ಬೇಕಲ್ಲ ಎಂದರು. ನಮ್ಮೂರಲ್ಲಿ ಬಾಸ್ ಹೀಗೆ ಕೇಳಿದರೆ ಚಾಲಕ ರಜೆ ಹಾಕುತ್ತಾನೆ. ಸಯೀದ್ ಗಡ್ಡ ಕೆರೆದುಕೊಂಡು, "ನನ್ನ ಭಾವನ ಹತ್ತಿರ ಇದೆ" ಎಂದ.

ಹಮ್ರಿಯಾ

ರುಮಾಲಿಗೆ ಅರಿವೆ ಮತ್ತು ಒಂದು ಗಂಟೆ ಬೇಕಾಗಿತ್ತು. ಹಮ್ರಿಯಾದಲ್ಲಿ ಅಬ್ಬಾಸ್ ಬ್ಯಾರಿಯವರ ಅಂಗಡಿಯಲ್ಲಿ ಸಿಗದ ವಸ್ತುವಿಲ್ಲ ಎಂದು ಸುಜಾತಾ ಕರೆದುಕೊಂಡು ಹೋದಳು. ಉಪ್ಪಿನಂಗಡಿಯ ಕಡೆಯವರು. ಮಾಳಿಗೆಯವರೆಗೆ ಅರಿವೆ, ಬಕೆಟ್ಟು, ಸೂಟ್‌ಕೇಸು ಜೋಡಿಸಿಟ್ಟಿದ್ದರು.

"ಎಂತ ಸಾರ್, ನಾಟಕ ಉಂಟಾ?"

ವಿಷಯ ಹೇಳಿದೆ. ಅವರು ಗಜಕೋಲು ಕೆಳಗಿಟ್ಟರು.

"ನೀವು ಹೋರಿ ಮೇಲೆ ಕೂತು ಬಿಳಿಯವನ ಅಜ್ಜನ ಹೆಸರು ಹೇಳುವುದಾ? ಅವನಿಗೆ ಗೊತ್ತಿಲ್ವಾ ಮಾರಾಯ್ರೆ ಅವನ ಅಜ್ಜ ಯಾರೂಂತ?"

"ಗೊತ್ತಿದೆ. ಜೋರಾಗಿ ಹೇಳಬೇಕಂತೆ."

"ನಮ್ಮದು ನಾಲ್ಕು ಅಜ್ಜಂದಿರವರೆಗೆ ಗೊತ್ತುಂಟು. ಅದರಿಂದ ಆಚೆ ಹೊಳೆ. ದೋಣಿಯಲ್ಲಿ ಬಂದದ್ದಂತೆ, ಯಾರು ಎಂತ ಅಂತ ಹೊಳೆಯನ್ನೇ ಕೇಳಬೇಕು" ಎಂದು ಕೇಸರಿ ಅರಿವೆ ಅಳೆದು ಹರಿದರು. ಗಂಟೆ ಮಾತ್ರ ಇರಲಿಲ್ಲ. ಸುಮಾರು ಹೊತ್ತು ಹುಡುಕಿ, ಹೋಟೆಲಿನ ಕೌಂಟರಿನ ಮೇಲಿಟ್ಟು ಅಂಗೈಯಿಂದ ತಟ್ಟುತ್ತಾರಲ್ಲ, ಅಂಥ ಟಿಂಗ್ ಎನ್ನುವ ಗುಂಡಿಗಂಟೆ ತಂದಿಟ್ಟರು. "ಇದೇ ಉಂಟು. ಶಬ್ದ ಒಳ್ಳೇದುಂಟು." ಅಪ್ಪನ ಕಂಚಿನ ಗಂಟೆ ಮೂರು ಹೊಲದಾಚೆ ಕೇಳುತ್ತಿತ್ತು. ಇದನ್ನು ತಟ್ಟಿದರೆ ಯಾರೋ ಕೋಣೆಯ ಬೀಗದ ಕೈ ತಂದುಕೊಡುವಂತೆ ಅನಿಸುತ್ತಿತ್ತು. ಆದರೂ ಕೊಂಡೆ.

ಬರ್ಕಾ

ಹೋರಿ ನೋಡಲು ಸಯೀದ್ ನನ್ನನ್ನು ಬರ್ಕಾ ಎಂಬ ಊರಿಗೆ ಕರೆದೊಯ್ದ. ಅವನ ಹಿಂದಿಯೂ ನನ್ನ ಹಿಂದಿಯೂ ಒಂದೇ ಮಟ್ಟದವಾದ್ದರಿಂದ ಮಾತು ಚೆನ್ನಾಗಿ ನಡೆಯಿತು. ಬರ್ಕಾದಲ್ಲಿ ಹೋರಿಗಳ ಗುದ್ದಾಟ ಆಡಿಸುತ್ತಾರೆ. ಎರಡು ಹೋರಿಗಳು ಹಣೆಗೆ ಹಣೆ ಹಚ್ಚಿ ನೂಕಾಡುತ್ತವೆ, ರಕ್ತಗಿಕ್ತ ಏನಿಲ್ಲ. ಸೋತದ್ದು ತಿರುಗಿ ಓಡುತ್ತದೆ. ಅದು ಓಡುವ ದಿಕ್ಕಿನಲ್ಲಿ ಕುಳಿತ ಮುದುಕರು ಎದ್ದು ಅದಕ್ಕಿಂತ ವೇಗವಾಗಿ ಓಡುತ್ತಾರೆ. ಆಮೇಲೆ ಏನೂ ಆಗದವರಂತೆ ಬಂದು ಅದೇ ಜಾಗದಲ್ಲಿ ಕೂರುತ್ತಾರೆ.

ಸಯೀದನ ಭಾವನ ಹೋರಿಯ ಹೆಸರು ಶಾಹೀನ್. ಕಪ್ಪು ಮೈ, ಬೆನ್ನ ಮೇಲೆ ಗುಡ್ಡದಂಥ ಇಣಿ. ಅದರ ಮುಂದೆ ಬುಟ್ಟಿಯಲ್ಲಿ ಖರ್ಜೂರ, ಅದರ ಜೊತೆ ಒಣಮೀನು. ನಾನು ಕಣ್ಣು ಉಜ್ಜಿಕೊಂಡೆ. ಹೋರಿ ಒಂದು ಖರ್ಜೂರ, ಒಂದು ಮೀನು, ಒಂದು ಖರ್ಜೂರ ಎಂದು ಶಿಸ್ತಾಗಿ ತಿನ್ನುತ್ತಿತ್ತು.

"ಇದು ಮೀನು ತಿನ್ನುತ್ತದೆ!"

"ನಿಮ್ಮಲ್ಲಿ ಏನು ತಿನ್ನುತ್ತದೆ?"

"ಹುಲ್ಲು!"

"ಪಾಪ" ಎಂದ ಸಯೀದ್.

ಮಂದ ಸ್ವಭಾವದ ಹೋರಿ, ಇನ್ನೊಂದು ಹೋರಿ ಕಣ್ಣಿಗೆ ಬೀಳದಿದ್ದರೆ ಮಗುವಿನಂಥದು ಎಂದು ಭಾವ ಭರವಸೆ ಕೊಟ್ಟರು. ಸಾಹೇಬರ ಅಂಗಳದಲ್ಲಿ ಇನ್ನೊಂದು ಹೋರಿ ಎಲ್ಲಿಂದ ಬರಬೇಕು ಎಂದು ನಾನೂ ಧೈರ್ಯ ತಂದುಕೊಂಡೆ.

ಅಜೈಬಾ, ಊಟದ ಮೇಜು

ನೈಜೆಲರ ಕಾಗದಗಳನ್ನು ನಾನು ಉತ್ತರಪತ್ರಿಕೆ ತಿದ್ದುವಂತೆ ಕೆಂಪು ಪೆನ್ನು ಹಿಡಿದು ಓದಿದೆ. ವಾಲ್ಟರನ ಉಯಿಲಿನಲ್ಲಿ ಇಷ್ಟಿತ್ತು. ಚರ್ಚಿಗೆ ಮೇಣದಬತ್ತಿ. ಮಗಳು ಆಲಿಸಳಿಗೆ ಮನೆ ಮತ್ತು ಗರಿಯ ಹಾಸಿಗೆ. ಗಿರಣಿಯ ರಾಬರ್ಟನಿಗೆ ಎರಡು ಎತ್ತು. ಮಗನ ಮಾತೇ ಇಲ್ಲ. ಕೆಲವು ವರ್ಷದ ನಂತರದ ಇನ್ನೊಂದು ಕಾಗದದಲ್ಲಿ ಅದೇ ಮನೆಯಲ್ಲಿ ರಾಬರ್ಟ್ ಹಾರ್ಕಲ್ ಎಂಬವನಿದ್ದಾನೆ. ನೈಜೆಲರ ಲೆಕ್ಕದಲ್ಲಿ ಇವರು ಇಬ್ಬರು ಬೇರೆ ಬೇರೆ ರಾಬರ್ಟರು.

ಎರಡು ಎತ್ತು ಎಂಬಲ್ಲಿ ನನ್ನ ಪೆನ್ನು ನಿಂತಿತು. ನಮ್ಮ ಕಡೆ ಹೊಲ ಉಳುವ ಜೋಡಿ ಎತ್ತನ್ನು ಸಾಯುವ ಮುನ್ನ ಯಾರಾದರೂ ಹೊರಗಿನವನಿಗೆ ಬರೆದುಕೊಡುತ್ತಾರೆಯೇ? ಮನೆ ಮಗಳಿಗೆ, ಎತ್ತು ರಾಬರ್ಟನಿಗೆ. ಅಪ್ಪ ಇಂಥ ಎಷ್ಟು ಮನೆಗಳನ್ನು ಹೇಳಿದ್ದಾರೆ! ಗಿರಣಿಯವರ ಹುಡುಗ ಮನೆಅಳಿಯನಾಗಿ ಬಂದಿದ್ದಾನೆ. ಬಂದು ಹೆಂಡತಿಯ ಮನೆತನದ ಹೆಸರು ಇಟ್ಟುಕೊಂಡಿದ್ದಾನೆ. ರಾಬರ್ಟ್ ಒಬ್ಬನೇ. ನೈಜೆಲ್ ಸಾಹೇಬರ ಕಡಿಯದ ಗೆರೆ ಮೂರನೇ ತಲೆಗೇ ಕಡಿದು, ಆಲಿಸಳ ಕೈಹಿಡಿದು ಹಿಟ್ಟಿನ ಗಿರಣಿಗೆ ಹೋಗಿತ್ತು.

ಕುಣಿಯುವಷ್ಟು ಸಂತೋಷವಾಯಿತು. ಅಪ್ಪನ ವಿದ್ಯೆ ನನ್ನಲ್ಲಿ ಎಲ್ಲೋ ಅಡಗಿ ಕೂತಿತ್ತಲ್ಲ! ಸುಜಾತಾಳಿಗೆ ಹೇಳಿದೆ. ಅವಳ ಮುಖ ಬಿಳಚಿಕೊಂಡಿತು.

"ಅಪ್ಪಾ, ಇದನ್ನ ಹೇಳಬ್ಯಾಡ. ಅವರಿಗೆ ಆ ನೈಟ್ ಅಂದ್ರ ಪ್ರಾಣ. ಅಕ್ಕನ ಮುಂದ, ಎಲ್ಲಾರ ಮುಂದ ನಿಮ್ಮಜ್ಜ ಗಿರಣ್ಯಾಂವ ಅಂದ್ರ ನನ್ನ ಕಾಗದಕ್ಕ ಸಹಿ ಹಾಕ್ತಾರೇನು?"

"ಆದ್ರ ಸುಳ್ಳು ವಂಶ ಹೆಂಗ ಹೇಳಲಿ? ನಿಮ್ಮಜ್ಜ ಏನಂತಿದ್ರು ಗೊತ್ತೈತಲ್ಲ?"

ಸುಳ್ಳು ವಂಶ ಹೇಳಿದರೆ ಕೂತ ಎತ್ತೇ ನಿನ್ನನ್ನು ಕೆಡವುತ್ತದೆ ಎಂದು ಅಪ್ಪ ನನ್ನನ್ನು ಚಿಕ್ಕಂದಿನಲ್ಲಿ ಹೆದರಿಸುತ್ತಿದ್ದರು. ನಾನು ವಿಜ್ಞಾನ ಓದಿದವನು, ನಂಬುವುದಿಲ್ಲ. ಆದರೆ ನಂಬದೆ ಇದ್ದಾಗೆಲ್ಲ ನಾನು ಎತ್ತಿನ ಮೇಲೆ ಕೂರುವವನಾಗಿರಲಿಲ್ಲ.

ಕಡೆಗೆ ಅಪ್ಪ ಮಗಳು ಸೇರಿ ಒಂದು ಹೇಡಿ ಉಪಾಯ ಮಾಡಿದೆವು. ನಾನು ಕನ್ನಡದಲ್ಲಿ ರಾಗವಾಗಿ ನಿಜವನ್ನೇ ಹೇಳುವುದು. ಸುಜಾತಾ ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸುವಾಗ "ರಾಬರ್ಟ್, ವಾಲ್ಟರನ ವಾರಸುದಾರ" ಎಂದಷ್ಟೇ ಹೇಳುವುದು. ಅದೂ ಸುಳ್ಳಲ್ಲವಲ್ಲ. ನನ್ನ ತರಗತಿಯಲ್ಲಿ ಯಾರಾದರೂ ಇಂಥ ಉತ್ತರ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ನಾಲ್ಕು ದಿನ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದೆ. ರಾಗ ಹತ್ತಲೆಂದು ಮೊದಲು ನಮ್ಮದೇ ವಂಶ, ಆಮೇಲೆ ಸರ್ ಹ್ಯೂನದು. ಅನಘಾ ಬಾಗಿಲಾಚೆ ಕೂತು ಕೇಳುತ್ತಿದ್ದಳು. ಒಂದು ದಿನ ಹೊತ್ತಿಗೆ ತೆರೆಸಿ, "ವೇರ್ ಈಸ್ ಮಮ್ಮಿ?" ಎಂದಳು.

ಕೊನೆಯ ಪುಟ ನಮ್ಮ ಮನೆಯದು. ಯಲ್ಲಪ್ಪನ ಮಗ ಬಸಪ್ಪ ಎಂದು ಅಪ್ಪನ ಕೈಬರಹ. ನನಗೆ ಸುಜಾತಾ ಒಬ್ಬಳೇ. ಗಂಡುಮಕ್ಕಳಿಲ್ಲದವನ ಹೆಸರಿನ ಕೆಳಗೆ ಅಡ್ಡಗೆರೆ ಎಳೆಯುವುದು ಅಪ್ಪನ ಹೊತ್ತಿಗೆಯ ಪದ್ಧತಿ. ಅಪ್ಪ ತೀರಿಕೊಂಡ ವರ್ಷ ಆ ಗೆರೆಯನ್ನು ನಾನೇ ಎಳೆದಿದ್ದೆ. ಸ್ಕೇಲು ಇಟ್ಟು, ನೇರವಾಗಿ.

"ಹೆಣ್ಣುಮಕ್ಕಳನ್ನ ಇದರಾಗ ಬರಿಯೂದಿಲ್ಲವಾ" ಎಂದೆ.

"ದಟ್ಸ್ ಸಿಲ್ಲಿ" ಎಂದು ಎದ್ದು ಹೋದಳು.

ಶುಕ್ರವಾರ, ನೈಜೆಲ್ ಸಾಹೇಬರ ಅಂಗಳ

ಶುಕ್ರವಾರ ಅಲ್ಲಿ ವಾರದ ರಜೆ. ಮಧ್ಯಾಹ್ನದ ನಂತರ ಅಂಗಳದಲ್ಲಿ ಬಿಳಿ ಕುರ್ಚಿಗಳು. ಇಂಗ್ಲೆಂಡಿನ ಬಳಗ ಬಿಸಿಲಿಗೆ ಕೆಂಪಾಗಿ ಕೂತಿತ್ತು. ಮುಂದಿನ ಸಾಲಿನಲ್ಲಿ ನೈಜೆಲರ ಅಕ್ಕ, ಅದೇ ಕಿವಿ, ಮೇಲೆ ಟೋಪಿ. ಶಾಹೀನ್ ಪಿಕಪ್ಪಿನಿಂದ ಮರ್ಯಾದಸ್ಥನಂತೆ ಇಳಿಯಿತು. ಮೈಯೆಲ್ಲ ಮೀನಿನ ವಾಸನೆ. ನಾನು ಕೇಸರಿ ರುಮಾಲು ಸುತ್ತಿ, ಕುರ್ಚಿಯ ಮೇಲೆ ನಿಂತು, ಸಯೀದ್ ಹಿಂದಿನಿಂದ ನೂಕಿದ ಮೇಲೆ ಹತ್ತಿ ಕೂತೆ. ಹತ್ತಿದವನು ಆಚೆ ಬದಿಗೆ ಇಳಿದುಹೋಗುವವನಿದ್ದೆ, ಅವನೇ ಕಾಲು ಹಿಡಿದು ನಿಲ್ಲಿಸಿದ.

ಎಡಗೈಯಲ್ಲಿ ಗುಂಡಿಗಂಟೆ. ತಟ್ಟಿದೆ. ಟಿಂಗ್. ಬಂಗಲೆಯ ಅಡುಗೆಯವನು ಒಳಗಿನಿಂದ ಓಡಿಬಂದು ಏನು ಬೇಕೆಂದು ನೋಡಿದ.

"ಕೇಳ್ರೆಪ್ಪೋ ಕೇಳ್ರಿ! ಹಾರ್ಕಲ್ಲರ ಮನೆತನ ಕೇಳ್ರಿ!" ಎಂದು ಶುರುಮಾಡಿದೆ. ಮೊದಲ ಸಾಲಿಗೇ ಗಂಟಲಿನಲ್ಲಿ ಅಪ್ಪನ ದನಿ ಬಂತು. ಸುಳ್ಳಲ್ಲ, ನನಗೇ ಮೈ ಜುಮ್ಮೆಂದಿತು. ಸರ್ ಹ್ಯೂ ಒಲೆ ಹೂಡಿದ್ದು, ಕುದುರೆ ಹತ್ತಿದ್ದು, ವಾಲ್ಟರನನ್ನು ಹಡೆದದ್ದು. ಒಂದೊಂದು ಸಾಲಿಗೂ ಟಿಂಗ್. ಸುಜಾತಾ ಇಂಗ್ಲಿಷಿನಲ್ಲಿ ಚಂದ ಮಾಡಿ ಹೇಳುತ್ತಿದ್ದಳು. ನೈಜೆಲರ ಕಣ್ಣು ಒದ್ದೆಯಾಗಿತ್ತು. ನಾನು ಅವರತ್ತ ನೋಡದೆ ಮುಂದಿನ ಸಾಲು ಎತ್ತಿದೆ.

"ವಾಲ್ಟರಗ ಗಂಡಸುಮಗ ಇಲ್ಲೋ! ಮಗಳು ಆಲಿಸವ್ವ! ಗಿರಣಿ ರಾಬರ್ಟ ಮನಿಅಳಿಯ ಬಂದಾನೋ! ಜೋಡೆತ್ತು ಪಡದಾನೋ!" ಟಿಂಗ್.

ಸುಜಾತಾ ಗಂಟಲು ಸರಿಮಾಡಿಕೊಂಡು, ವಾಲ್ಟರನ ನಂತರ ಅವನ ವಾರಸುದಾರ ರಾಬರ್ಟ್ ಬಂದ ಎಂದಳು. ಅಷ್ಟರಲ್ಲಿ ಮುಂದಿನ ಸಾಲಿನ ತುದಿಯಿಂದ ಅನಘಾ ಎದ್ದು ನಿಂತಳು.

"ನೋ ಮಮ್ಮಿ! ಅಜ್ಜ ಹಂಗ ಹೇಳಲಿಲ್ಲ!" ಎಂದು ಒಂದು ಸಾಲು ಕನ್ನಡದಲ್ಲಿ ಹೇಳಿ, ಉಳಿದದ್ದನ್ನು ಶಾಲೆಯ ಇಂಗ್ಲಿಷಿನಲ್ಲಿ ಸ್ವಚ್ಛವಾಗಿ ಒಪ್ಪಿಸಿದಳು. ವಾಲ್ಟರನಿಗೆ ಗಂಡುಮಗ ಇರಲಿಲ್ಲ, ಆಲಿಸ್ ಎಂಬ ಮಗಳಿದ್ದಳು, ರಾಬರ್ಟ್ ಗಿರಣಿಯಿಂದ ಬಂದ ಅಳಿಯ, ಅವನಿಗೆ ಎರಡು ಎತ್ತು ಸಿಕ್ಕವು. ಮನೆಯಲ್ಲಿ ಎಷ್ಟು ಕೇಳಿದರೂ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿಗೆ ನಾಲ್ಕು ದಿನದ ಬಚ್ಚಲುಮನೆಯ ಪಾಠ ಅಕ್ಷರ ಬಿಡದೆ ಹತ್ತಿತ್ತು.

ನೈಜೆಲ್ ನನ್ನತ್ತ ನೋಡಿದರು. ನಾನು ಹೋರಿಯ ಇಣಿಯತ್ತ ನೋಡಿದೆ. ಸುಜಾತಾ ಯಾರತ್ತಲೂ ನೋಡಲಿಲ್ಲ.

ಆಗ ಶಾಹೀನ್ ತಲೆ ತಿರುಗಿಸಿತು. ಅಂಗಳದ ಬದಿಗೆ ನೈಜೆಲರ ಕರಿಯ ಕಾರು ನಿಂತಿತ್ತು, ಹಬ್ಬಕ್ಕೆಂದು ಕನ್ನಡಿಯಂತೆ ಉಜ್ಜಿಟ್ಟದ್ದು. ಅದರ ಬಾಗಿಲಿನೊಳಗೆ ಇನ್ನೊಂದು ಕರಿಯ ಹೋರಿ ಇತ್ತು, ಮೇಲೆ ಕೇಸರಿ ರುಮಾಲಿನ ಇನ್ನೊಬ್ಬ ಮುದುಕ. ಶಾಹೀನ್ ಹಣೆ ತಗ್ಗಿಸಿತು. ಅದು ಹೊರಟದ್ದು ನನಗೆ ಗೊತ್ತು. ತಲುಪಿದಾಗ ನಾನು ಜೊತೆಗಿರಲಿಲ್ಲ. ದಾಸವಾಳದ ಬೇಲಿಯೊಳಗೆ ಅಂಗಾತ ಬಿದ್ದಿದ್ದೆ, ಗಂಟೆ ಇನ್ನೂ ಕೈಯಲ್ಲೇ ಇತ್ತು. ಮುಂದಿನ ಸಾಲಿನ ಇಂಗ್ಲಿಷರು ಬರ್ಕಾದ ಮುದುಕರ ಹಾಗೆಯೇ ಓಡಿದರು.

"ಖಲಾಸ್ ಶಾಹೀನ್, ಖಲಾಸ್" ಎಂದು ಸಯೀದ್ ಹೋರಿಯ ಕಿವಿಯಲ್ಲಿ ಹೇಳಿದ. ಅದು ಬಾಗಿಲನ್ನು ಒಳಕ್ಕೆ ತಗ್ಗು ಮಾಡಿ, ಗೆದ್ದ ಸಮಾಧಾನದಿಂದ ಹಿಂದೆ ಸರಿಯಿತು. ಎದುರಾಳಿ ಕಾಣಿಸುತ್ತಿರಲಿಲ್ಲ.

ನೈಜೆಲರ ಅಕ್ಕ ಒಬ್ಬಳೇ ನಗುತ್ತಿದ್ದಳು. ಕೈಯಲ್ಲಿ ಟೋಪಿ ಹಿಡಿದು, ಬಿಕ್ಕಿ ಬಿಕ್ಕಿ, ನಿಲ್ಲಿಸಲಾಗದೆ ನಗುತ್ತಿದ್ದಳು. ನೈಜೆಲ್ ತಮ್ಮ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದರು.

ನಾಲ್ಕು ದಿನ, ಮತ್ತೆ ಅಜೈಬಾ

ಎಲುಬು ಮುರಿದಿರಲಿಲ್ಲ. ಮುರಿದಿದ್ದರೆ ಮನೆಯಲ್ಲಿ ಮಾತಾಡಲು ಒಂದು ವಿಷಯವಾದರೂ ಇರುತ್ತಿತ್ತು. ಶನಿವಾರ ಸುಜಾತಾ ಕಚೇರಿಗೆ ಹೋಗಿ ಬಂದಳು. ಬಾಸ್ ಬಂದಿರಲಿಲ್ಲ. ಭಾನುವಾರ ಇಲ್ಲ, ಸೋಮವಾರವೂ ಇಲ್ಲ. ಅವಳು ನನ್ನನ್ನು ಬೈಯಲಿಲ್ಲ. ಅನಘಾಳನ್ನೂ ಬೈಯಲಿಲ್ಲ. ಅಟ್ಟದಿಂದ ಖಾಲಿ ಸೂಟ್‌ಕೇಸು ಇಳಿಸಿ ಧೂಳು ಒರೆಸಿಟ್ಟಳು, ಸುಮ್ಮನೆ ಒರೆಸಿದೆ ಎಂದಳು. ಒಂದು ಪುಟ್ಟ ಸುಳ್ಳು ಹೇಳಿ ಮಗಳ ಸಂಸಾರ ಕಾಯಲಾರದ ಅಪ್ಪ ಎಂಥ ಅಪ್ಪ ಎಂದು ನನ್ನನ್ನೇ ಬೈದುಕೊಂಡೆ.

ಮಂಗಳವಾರ, ನಾನು ಹೊರಡುವ ಹಿಂದಿನ ದಿನ, ಸಯೀದ್ ಬಂದ. ಕೈಯಲ್ಲಿ ಹಲ್ವಾದ ದೊಡ್ಡ ಡಬ್ಬಿ, ಒಂದು ಸುರುಳಿ, ಒಂದು ಲಕೋಟೆ. ಲಕೋಟೆಯನ್ನು ಸುಜಾತಾಳಿಗೆ ಕೊಟ್ಟು ಗಡ್ಡ ಕೆರೆದುಕೊಂಡ.

"ಇದನ್ನು ಸಾಹೇಬರು ಕೊಟ್ಟು ತುಂಬ ದಿನವಾಯಿತು. ಹೋರಿಯ ಗಡಿಬಿಡಿಯಲ್ಲಿ ಕಾರಿನ ಸೀಟಿನ ಕೆಳಗೆ ಇಟ್ಟು ಮರೆತೆ."

ಕರಾರಿನ ಕಾಗದ. ಸಹಿ ಬಿದ್ದಿತ್ತು, ಮೂರು ವರ್ಷಕ್ಕೆ. ಸಹಿಯ ಕೆಳಗಿನ ತಾರೀಖು ವಂಶ ಹೇಳಿದ ಶುಕ್ರವಾರಕ್ಕಿಂತ ಎರಡು ದಿನ ಮೊದಲಿನದು! ಸುಜಾತಾ ನಕ್ಕಳು, ಅತ್ತಳು, ಸಯೀದನಿಗೆ ಎರಡು ಸಲ ಚಹಾ ಕೊಟ್ಟಳು. ಯಾವುದಕ್ಕೆ ಹೆದರಿ ನಾವು ಹೇಡಿಗಳಾದೆವೋ ಅದು ಆಗಲೇ ಸೀಟಿನ ಕೆಳಗೆ ಬೆಚ್ಚಗೆ ಮಲಗಿತ್ತು.

ಹಲ್ವಾ ಡಬ್ಬಿಯ ಮುಚ್ಚಳದ ಮೇಲೆ ಯಾರೋ ಪೆನ್ನಿನಲ್ಲಿ ಎರಡು ಎತ್ತಿನ ಚಿತ್ರ ಬರೆದಿದ್ದರು. ಹಂದಿಯಂತೆ ಕಾಣುತ್ತಿದ್ದವು. ಜೊತೆಗೆ ನೈಜೆಲರ ಚೀಟಿ. ನೀವು ಕಾಣಿಕೆ ಇಲ್ಲದೆ ಇಳಿದಿರಿ, ಇದು ಕ್ರಮವಲ್ಲವೆಂದು ತಿಳಿಯಿತು. ಜೋಡೆತ್ತು ಕೊಡೋಣವೆಂದರೆ ಸಯೀದನ ಭಾವ ಒಪ್ಪಲಿಲ್ಲ. ನಾಲ್ಕು ದಿನ ಆ ಕಾಗದಗಳನ್ನು ಮತ್ತೆ ಓದಿದೆ, ನೀವು ಹೇಳಿದ್ದು ಸರಿ. ನನಗೆ ಬಹಳ ಬೇಸರವಾಗಿದೆ. ಗಿರಣಿಯ ಮನೆತನವೆಂದರೆ ಗಾಳಿಗಿರಣಿಯ ರೆಕ್ಕೆಯಂಥ ನಮ್ಮ ಕಿವಿಗಳಿಗೆ ಕಾರಣ ಸಿಕ್ಕಿತು ಎನ್ನುತ್ತಾಳೆ ನನ್ನ ಅಕ್ಕ.

ಸುರುಳಿ ಬಿಚ್ಚಿದೆ. ಪ್ರಶ್ನೆಚಿಹ್ನೆಯನ್ನು ಹೊಡೆದುಹಾಕಿ, ಅಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಿದ್ದರು: ಆಲಿಸ್. ಮೂವತ್ತು ವರ್ಷದ ಹೆಮ್ಮೆಯನ್ನು ಬದಿಗಿಟ್ಟು ಆ ಮನುಷ್ಯ ನಾಲ್ಕೇ ದಿನದಲ್ಲಿ ಅದನ್ನು ಬರೆದಿದ್ದ. ನನ್ನ ಪಕ್ಕದಲ್ಲಿ ಅನಘಾ ನಿಂತು ಅದನ್ನು ಓದಿದಳು. ಓದಿ ನನ್ನ ಮುಖ ನೋಡಿದಳು. ನಾನು ಹಲ್ವಾ ತಿನ್ನವಾ ಎಂದೆ.

ಮತ್ತೆ ಸೀಬ್

ನಿಲ್ದಾಣದಲ್ಲಿ ಚೀಲ ಹಗುರವಾಗಿತ್ತು, ರೊಟ್ಟಿ ಮುಗಿದಿದ್ದವು. ಸಾಮಾನಿನ ತಳ್ಳುಗಾಡಿಯ ಮೇಲೆ ಚೀಲ, ಚೀಲದ ಮೇಲೆ ಅನಘಾ ಕಾಲು ಇಬ್ಬದಿ ಇಳಿಬಿಟ್ಟು ಕೂತಿದ್ದಳು. ಒಳಗೆ ಹೋಗುವ ಬಾಗಿಲ ಬಳಿ ಗಾಡಿ ನಿಲ್ಲಿಸಿ, "ಇಳಿಯವಾ, ಹೊತ್ತಾತು" ಎಂದೆ.

ಅವಳು ಇಳಿಯಲಿಲ್ಲ. ಕೈಚೀಲದಿಂದ ಅಬ್ಬಾಸರ ಗುಂಡಿಗಂಟೆ ತೆಗೆದು ತಟ್ಟಿದಳು. ಟಿಂಗ್.

"ಕೇಳ್ರೆಪ್ಪೋ ಕೇಳ್ರಿ! ಹೆಳವರ ಮನೆತನ ಕೇಳ್ರಿ!"

ಇಡೀ ಸಾಲು ತಿರುಗಿತು. ಅನಘಾ ನನ್ನ ಅಪ್ಪನ ರಾಗದಲ್ಲಿ, ನಮ್ಮೂರಿನ ಕನ್ನಡದಲ್ಲಿ, ಒಂದು ಹೆಸರೂ ತಪ್ಪದೆ ಹೇಳಿದಳು. ಯಲ್ಲಪ್ಪನ ಮಗ ಮಲ್ಲಪ್ಪ. ಟಿಂಗ್. ಮಲ್ಲಪ್ಪನ ಮಗ ಯಲ್ಲಪ್ಪ. ಟಿಂಗ್. ಯಲ್ಲಪ್ಪನ ಮಗ ಬಸಪ್ಪ. ಟಿಂಗ್. ಅಲ್ಲಿಗೆ ನಿಲ್ಲಿಸಿ ನನ್ನ ಮುಂದೆ ಅಂಗೈ ಚಾಚಿದಳು.

"ಕಾಣಿಕಿ ಕೊಡದ ಇಳ್ಯಾಂಗಿಲ್ಲ."

"ಏನು ಬೇಕವಾ?" ಎಂದೆ.

"ಹೆಸರು ಬರಿ."

ಸುಜಾತಾ ತನ್ನ ಪೆನ್ನು ತೆಗೆದು ನನ್ನ ಕೈಗಿಟ್ಟಳು. ಕೆಂಪು ಅರಿವೆ ಬಿಚ್ಚಿ, ಗಾಡಿಯ ಹಿಡಿಯ ಮೇಲೆ ಹೊತ್ತಿಗೆ ಇಟ್ಟು, ಕೊನೆಯ ಪುಟ ತೆರೆದೆ. ನನ್ನ ಹೆಸರಿನ ಕೆಳಗೆ ಸ್ಕೇಲಿಟ್ಟು ಎಳೆದ ಆ ಅಡ್ಡಗೆರೆ. ಅದರ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಉದ್ದಗೆರೆ ಎಳೆದೆ. ಸ್ಕೇಲಿಲ್ಲದೆ ಅದು ಸೊಟ್ಟಗಾಯಿತು, ಆದರೂ ಕಳೆಯುವ ಗುರುತು ಕೂಡಿಸುವ ಗುರುತಾಯಿತು. ಅದರ ಕೆಳಗೆ ಬರೆದೆ. ಅನಘಾಳಿಗೆ ಕನ್ನಡ ಓದಲು ಬಾರದು. ಜೋರಾಗಿ ಓದು ಎಂದಳು.

"ಬಸಪ್ಪನ ಮಗಳು ಸುಜಾತಾ" ಎಂದು ಓದಿದೆ. ಅವಳು ಗಂಟೆ ತಟ್ಟಿದಳು. "ಸುಜಾತಾನ ಮಗಳು ಅನಘಾ." ಮತ್ತೆ ತಟ್ಟಿದಳು.

"ಮುಂದ?"

"ಮುಂದ ಜಾಗಾ ಬಿಟ್ಟೇನಿ" ಎಂದೆ.

ಪುಟದ ಮೇಲೆ ಬಗ್ಗಿ ಖಾಲಿ ಜಾಗವನ್ನು ಬೆರಳಿನಿಂದ ಅಳೆದು ನೋಡಿದಳು. ಸಾಕಷ್ಟಿದೆ ಎಂದು ಖಾತ್ರಿಯಾದ ಮೇಲೆ ಗಾಡಿಯಿಂದ ಇಳಿದಳು.